ಕೆರೆ ಬಿಟ್ಟ ದಿನ

ಟಾಲ್ಕಟ್ ಊರಿನಲ್ಲಿ ಚಳಿಗಾಲ ಮುಗಿಯಿತು ಎಂದು ಹೇಳುವ ಅಧಿಕಾರ ಕ್ಯಾಲೆಂಡರಿಗೂ ಇಲ್ಲ, ರೇಡಿಯೋದವರಿಗೂ ಇಲ್ಲ. ಅದು ಇದ್ದದ್ದು ದೋಣಿ ಮೋಟಾರು ರಿಪೇರಿಯ ಎಲ್ಡನ್ ಪೆಲ್ಕಿಗೆ. ಊರ ಮುಂದಿನ ಹತ್ತು ಮೈಲಿ ಉದ್ದದ ನೀರನ್ನು ನಾವು ಕೆರೆ ಎಂದು ಸಣ್ಣದು ಮಾಡಿ ಕರೆಯುತ್ತೇವೆ. ದೊಡ್ಡದನ್ನು ದೊಡ್ಡದೆಂದರೆ ಜಂಬವಾದೀತು ಎಂಬ ಅಂಜಿಕೆ ಅಮೆರಿಕದ ಈ ಮೂಲೆಯ ಮೇನ್ ರಾಜ್ಯದವರಿಗೆಲ್ಲ ಹುಟ್ಟಿನಿಂದಲೇ ಬಂದದ್ದು. ಡಿಸೆಂಬರಿನಲ್ಲಿ ಕೆರೆ ಹೆಪ್ಪುಗಟ್ಟುತ್ತದೆ. ಏಪ್ರಿಲಿನ ಯಾವುದೋ ಒಂದು ದಿನ ಮಂಜುಗಡ್ಡೆ ಒಡೆದು ದೋಣಿಗೆ ದಾರಿ ಬಿಡುತ್ತದೆ; ಅದಕ್ಕೇ ಕೆರೆ ಬಿಟ್ಟಿತು ಎನ್ನುವುದು. ಆ ದಿನ ಯಾವುದೆಂದು ಊಹಿಸಿ ಊರವರೆಲ್ಲ ಟಿಕೆಟ್ ಕೊಳ್ಳುತ್ತಾರೆ. ಬಂದದ್ದರಲ್ಲಿ ಅರ್ಧ ಗೆದ್ದವರಿಗೆ, ಇನ್ನರ್ಧ ಊರಿನ ಬೆಂಕಿ ಆರಿಸುವ ದಳಕ್ಕೆ.

ಬಿಟ್ಟಿತು ಎಂದು ನಿರ್ಧರಿಸುವುದಕ್ಕೆ ಒಂದು ಕ್ರಮವಿದೆ. ಊರ ದೋಣಿಕಟ್ಟೆಯಿಂದ ದೋಣಿ ಹೊರಟು, ಕೆರೆ ಇಕ್ಕಟ್ಟಾದ ಜಾಗ ದಾಟಿ, ನಡುಗಡ್ಡೆಯ ಮೆಟ್ಟಿಲು ಮುಟ್ಟಬೇಕು. ಹಿಂದೆ ಮೋಟಾರು ಹಿಡಿದವನು ದಿನ ಹೇಳುವವನು. ಮುಂದೆ ಒಬ್ಬರು ಹುಟ್ಟು ಹಿಡಿದು ಕೂರುತ್ತಾರೆ. ಅಡ್ಡ ಬಂದದ್ದನ್ನು ಹುಟ್ಟಿನಿಂದ ಒತ್ತಬೇಕು: ಹುಟ್ಟು ಒಳಗೆ ಹೋದರೆ ಅದು ನೀರು, ಹುಟ್ಟನ್ನು ತಡೆದರೆ ಅದು ಗಡ್ಡೆ. ಮುಂದೆ ಕೂರುವವರು ಯೂನಿಸ್ ಹ್ಯಾಸ್ಕೆಲ್. ಎಪ್ಪತ್ತು ದಾಟಿದ ಹೆಂಗಸು, ಊರ ಕಚೇರಿಯಲ್ಲಿ ಹುಟ್ಟು ಸಾವು ಮದುವೆಗಳನ್ನು ದಾಖಲು ಮಾಡಿ ನಿವೃತ್ತರಾದವರು. ಅವರ ಮಾತಿಗೆ ಎದುರು ಕೇಳಿದವರನ್ನು ನಾವು ಕಂಡಿಲ್ಲ. ಕೇಳುವ ಧೈರ್ಯವಿರಲಿಲ್ಲ ಎಂದರೂ ಸರಿಯೇ.

ಆ ವರ್ಷದ ಚಳಿಗಾಲದಲ್ಲಿ ಎಲ್ಡನ್ನನ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಸ್ಪ್ಯಾನರು ಹಿಡಿಯುವಂತಿಲ್ಲ, ಹಿಮ ಎತ್ತುವಂತಿಲ್ಲ. ಹೆಂಡತಿ ಕೊಲೀನ್ ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ಇವನು ಮತ್ತು ಬೆಕ್ಕು. ಬೆಕ್ಕಿಗಾದರೂ ಮಲಗುವುದು ಗೊತ್ತಿತ್ತು. ಇವನು ಕಂಪ್ಯೂಟರು ತೆರೆದು ಕುಳಿತ, ಊಹೆಪೇಟೆ ಎಂಬುದೊಂದನ್ನು ಕಂಡುಹಿಡಿದ. ನಾಳೆ ಬಾಸ್ಟನ್ನಿನಲ್ಲಿ ಹಿಮ ಬೀಳುತ್ತದೋ ಇಲ್ಲವೋ, ಇಂಥ ಮಸೂದೆ ಪಾಸಾಗುತ್ತದೋ ಇಲ್ಲವೋ, ಇಂಥವರು ಮದುವೆಯಾಗುತ್ತಾರೋ ಇಲ್ಲವೋ, ಎಲ್ಲದಕ್ಕೂ ಅಲ್ಲಿ ‘ಹೌದು’ ಮತ್ತು ‘ಇಲ್ಲ’ ಎಂಬ ಚೀಟಿಗಳು ಸಂತೆಯ ಟೊಮೆಟೊ ಹಾಗೆ ಏರುತ್ತ ಇಳಿಯುತ್ತ ಮಾರಾಟವಾಗುತ್ತವೆ. ಕೊನೆಗೆ ನಿಜವಾದ ಕಡೆಯ ಚೀಟಿಗೆ ಒಂದು ಡಾಲರು, ಇನ್ನೊಂದಕ್ಕೆ ಸೊನ್ನೆ. ವೀಡಿಯೋದಲ್ಲಿ ಒಬ್ಬ ಗಡ್ಡದವನು ಹೇಳಿದ: ಈಗ ಕೋಡು ಬರೆಯಲು ಬರಬೇಕಾಗಿಲ್ಲ, ಬೇಕಾದ್ದನ್ನು ಬಾಯಿಮಾತಿನಲ್ಲಿ ಹೇಳಿದರೆ ಎಐ ಬರೆದುಕೊಡುತ್ತದೆ, ನೀವು ಮಲಗಿದ್ದಾಗಲೂ ಬಾಟ್ ಎಂಬ ಆ ಪ್ರೋಗ್ರಾಮು ನಿಮ್ಮ ಹೆಸರಲ್ಲಿ ವ್ಯಾಪಾರ ಮಾಡುತ್ತಿರುತ್ತದೆ.

ಮಲಗಿರುವುದೊಂದೇ ತನಗೆ ಡಾಕ್ಟರು ಅನುಮತಿಸಿದ ಕೆಲಸವಾದ್ದರಿಂದ ಎಲ್ಡನ್ನನಿಗೆ ಇದು ಹೇಳಿ ಮಾಡಿಸಿದ ಉದ್ಯೋಗ ಅನ್ನಿಸಿತು. ಆ ಎಐಗೆ ಗುಮಾಸ್ತ ಎಂದು ಹೆಸರಿಟ್ಟ. ಗುಮಾಸ್ತ ಬಹಳ ವಿನಯವಂತ. ಪ್ರತಿ ಹೆಜ್ಜೆಗೂ ಕೇಳುತ್ತಿದ್ದ: ಈ ಕಡತ ತೆರೆಯಲೇ, ಇದನ್ನು ಓಡಿಸಲೇ, ಈ ತಾಣಕ್ಕೆ ಹೋಗಲೇ. ಉತ್ತರಕ್ಕೆ ಮೂರು ಗುಂಡಿ: ‘ಹೌದು’, ‘ಬೇಡ’, ‘ಹೌದು, ಇನ್ನು ಮುಂದೆ ಕೇಳಬೇಡ’. ಮೋಟಾರಿನ ಕೈಪಿಡಿ ಓದದೆ ಎಂಜಿನ್ ಕೆಡಿಸಿಕೊಂಡು ಬಂದ ಗಿರಾಕಿಗಳಿಗೆಲ್ಲ ನೀತಿಪಾಠ ಹೇಳುತ್ತಿದ್ದ ಎಲ್ಡನ್ ಎರಡನೆಯ ದಿನದಿಂದ ಮೂರನೆಯ ಗುಂಡಿಯನ್ನೇ ಒತ್ತತೊಡಗಿದ.

ಮೊದಲ ಬಾಟ್ ಹವಾಮಾನದ ಮೇಲೆ ಪಣ ಕಟ್ಟಿ ವಾರವಿಡೀ ಸೋತಿತು. ಎಷ್ಟು ನೋಡಿದರೂ ಕಾರಣ ತಿಳಿಯಲಿಲ್ಲ. ಕೊನೆಗೆ ಕೊಲೀನ್ ಅವನ ಹಿಂದೆ ನಿಂತು ಪರದೆ ನೋಡಿದಳು. ಬಾಟ್ ನಮ್ಮ ಪೋರ್ಟ್‌ಲೆಂಡಿನ ಚಳಿ ಅಳೆದು, ದೇಶದ ಆ ತುದಿಯ ಆರೆಗನ್ನಿನ ಪೋರ್ಟ್‌ಲೆಂಡ್ ಮೇಲೆ ದುಡ್ಡು ಹಾಕುತ್ತಿತ್ತು.

“ಬೇರೆ ಪೋರ್ಟ್‌ಲೆಂಡ್ ಒಂದಿದೆ ಅಂತ ಅದಕ್ಕೆ ಹೇಳಲಿಲ್ವಾ?” ಎಂದಳು.

“ಹೇಳೋದೇನು, ಮೇನ್‌ನಲ್ಲಿ ಹುಟ್ಟಿದವನಿಗೆ ಪೋರ್ಟ್‌ಲೆಂಡ್ ಅಂದ್ರೆ ಒಂದೇ.”

“ಅದು ಎಲ್ಲಿ ಹುಟ್ಟಿದ್ದಂತೆ?”

ಎಲ್ಡನ್ ಪಾಠ ಕಲಿತ: ಗೊತ್ತಿಲ್ಲದ ಊರುಗಳ ಸಹವಾಸ ಬೇಡ, ತನಗೆ ಗೊತ್ತಿರುವುದು ಗಡ್ಡೆ. ಎಳೆಯ ವಯಸ್ಸಿನಿಂದ ಗಡ್ಡೆ ಕೊರೆದು ದಪ್ಪ ನೋಡಿದವನು ಅವನು. ತಾನು ಅಳೆದ ಲೆಕ್ಕವನ್ನೆಲ್ಲ ಗುಮಾಸ್ತನಿಗೆ ಒಪ್ಪಿಸಿದ, ಕಟ್ಟೆಯ ಕಂಬಕ್ಕೆ ಕ್ಯಾಮೆರಾ ಹಾಕಿ ಅದನ್ನೂ ಜೋಡಿಸಿದ. ನದಿಯಾಗಲಿ ಕೆರೆಯಾಗಲಿ, ಗಡ್ಡೆಯ ಮೇಲೆ ಪಣ ಎಲ್ಲೇ ಕಂಡರೂ ಹಿಡಿ, ನಮಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂದು ಹೇಳಿದ. ಬಾಟ್ ಆಮೇಲೆ ಅಲ್ಪಸ್ವಲ್ಪ ಗೆಲ್ಲಲು ಶುರುಮಾಡಿತು. ಎಲ್ಡನ್ ಅಂಗಡಿಯಲ್ಲಿ ಕಾಫಿ ಕುಡಿಯುವಾಗ ಕಾಲ ಮೇಲೆ ಕಾಲು ಹಾಕಲು ಶುರುಮಾಡಿದ್ದನ್ನು ನಾವು ಗಮನಿಸಿದ್ದೆವು. ಭುಜದ ನೋವಿಗೆ ಅದು ಒಳ್ಳೆಯದಿರಬಹುದು ಅಂದುಕೊಂಡೆವು.

ಏಪ್ರಿಲಿನಲ್ಲಿ ಬೇಸಿಗೆಗೆ ಮಾತ್ರ ಬಂದುಹೋಗುವ ಬಾಸ್ಟನ್ನಿನ ಯಾರೋ ಒಬ್ಬರು ತಮಾಷೆಗೆಂದು ನಮ್ಮ ಕೆರೆಯನ್ನೂ ಊಹೆಪೇಟೆಗೆ ಸೇರಿಸಿದರು. ಟಾಲ್ಕಟ್ ಕೆರೆ ಹತ್ತೊಂಬತ್ತನೇ ತಾರೀಕು ಮುಗಿಯುವುದರೊಳಗೆ ಬಿಡುತ್ತದೆಯೇ? ಹೌದು, ಇಲ್ಲ. ತೀರ್ಪಿಗೆ ಆಧಾರ: ಊರಿನ ಬೆಂಕಿ ದಳದ ಪ್ರಕಟಣೆ. ಎಂದರೆ ಎಲ್ಡನ್ ಪೆಲ್ಕಿಯ ಬಾಯಿ.

ಬಾಟ್ ಇದನ್ನು ಕಂಡಿತು, ಗಡ್ಡೆ ಇನ್ನೂ ದಪ್ಪ ಇರುವುದನ್ನು ಕಂಡಿತು, ‘ಇಲ್ಲ’ ಎಂಬ ಚೀಟಿಗಳನ್ನು ರಾಶಿ ಹಾಕಿಕೊಂಡಿತು. ಯಾರನ್ನೂ ಕೇಳಲಿಲ್ಲ. ಕೇಳಬೇಡ ಎಂದು ಹೇಳಿದ್ದವನು ಯಾರು?

ಎಲ್ಡನ್ ಇದನ್ನು ನೋಡಿದ್ದು ಹದಿನೇಳರ ಬೆಳಿಗ್ಗೆ. ಪಣದ ಫಲ ಯಾರ ಕೈಯಲ್ಲಿದೆಯೋ ಅವರು ಪಣ ಕಟ್ಟಬಾರದು ಎಂದು ತಾಣದ ನಿಯಮವೇ ಇತ್ತು. ನಿಯಮ ಇಲ್ಲದಿದ್ದರೂ ಅಷ್ಟು ಗೊತ್ತಾಗದವನಲ್ಲ ಅವನು. ಈಗಲೇ ಮಾರಿಬಿಡಬೇಕು ಅಂದುಕೊಂಡ. ಆದರೆ ಹಿಂದಿನ ದಿನವಷ್ಟೇ ಬೆಚ್ಚನೆಯ ಮಳೆ ಹೊಡೆದು, ಗಡ್ಡೆ ಕರಗತೊಡಗಿ, ‘ಇಲ್ಲ’ದ ಬೆಲೆ ನೆಲ ಕಚ್ಚಿತ್ತು. ಮಾರಿದರೆ ಒಂದು ಒಳ್ಳೆಯ ಹಳೇ ಮೋಟಾರಿನ ಬೆಲೆ ನೀರುಪಾಲು. ನಾಳೆ ಸ್ವಲ್ಪ ಏರಬಹುದು, ನಾಳೆ ಮಾರೋಣ ಎಂದು ಪರದೆ ಮುಚ್ಚಿದ. ಮುಚ್ಚುವ ಮೊದಲು ಕೆಳಗೆ ಅಪರಿಚಿತರು ಬರೆದ ಮಾತುಗಳನ್ನು ಓದಿದ್ದೇ ತಪ್ಪಾಯಿತು. ದಿನ ಹೇಳುವ ಈ ಪೆಲ್ಕಿ ಯಾರು, ನಂಬಬಹುದೇ ಎಂದು ಒಬ್ಬ ಕೇಳಿದ್ದ. ಇನ್ನೊಬ್ಬ ಉತ್ತರಿಸಿದ್ದ: ನಮ್ಮ ಚಿಕ್ಕಪ್ಪನ ಮನೆ ಆ ಕೆರೆ ದಂಡೆಯಲ್ಲಿದೆ, ಬೇಸರ ಹುಟ್ಟಿಸುವಷ್ಟು ಪ್ರಾಮಾಣಿಕ ಮನುಷ್ಯ. ಅದನ್ನು ಓದಿ ಇನ್ನೂ ನಾಲ್ಕು ಜನ ದುಡ್ಡು ಹಾಕಿದ್ದರು.

ಹದಿನೆಂಟರಂದು ಬೆಲೆ ಏರಲಿಲ್ಲ. ಅವನು ಮಾರಲೂ ಇಲ್ಲ.

ಹತ್ತೊಂಬತ್ತರ ಮಧ್ಯಾಹ್ನ ಕಟ್ಟೆಯಲ್ಲಿ ಊರು ನೆರೆದಿತ್ತು. ಎಲ್ಡನ್ ಮೋಟಾರು ಹಿಡಿದ, ಯೂನಿಸ್ ಎರಡು ಸ್ವೆಟರು ಹಾಕಿಕೊಂಡು ಹುಟ್ಟು ಮಡಿಲಲ್ಲಿಟ್ಟುಕೊಂಡು ಮುಂದೆ ಕುಳಿತರು. ಕೆರೆ ಪೂರ್ತಿ ತೆರೆದಿತ್ತು. ಇಕ್ಕಟ್ಟಿನ ಜಾಗದಲ್ಲಿ ಮಾತ್ರ ಬೂದು ಬಣ್ಣದ ಒಂದು ಹಾಸು ಅಡ್ಡಲಾಗಿ ತೇಲುತ್ತಿತ್ತು. ಕೊಳೆತ ಗಡ್ಡೆ, ಅಲೆ ತಾಗಿದಾಗ ಗಾಜಿನ ಬಳೆ ತುಂಬಿದ ಕೈ ಆಡಿಸಿದ ಹಾಗೆ ಸದ್ದು. ಯೂನಿಸ್ ಹುಟ್ಟು ಚಾಚಿ ಒತ್ತಿದರು. ಆಮೇಲೆ ತಿರುಗಿ ಎಲ್ಡನ್ನನ ಮುಖ ನೋಡಿದರು.

ಅವನು ಹುಟ್ಟನ್ನು ನೋಡಲಿಲ್ಲ. ಇದನ್ನು ಅವನೇ ಆಮೇಲೆ ಹೇಳಿದ್ದು: ಹುಟ್ಟು ಒಳಗೆ ಹೋಯಿತೋ ನಿಂತಿತೋ ನೋಡಬೇಕಾದ ಆ ಒಂದು ಗಳಿಗೆಯಲ್ಲಿ ಅವನು ನಡುಗಡ್ಡೆಯ ಪೈನ್ ಮರಗಳನ್ನು ನೋಡುತ್ತಿದ್ದ. ಬೇರೆ ವರ್ಷವಾಗಿದ್ದರೆ ಅಂಥ ಹಾಸನ್ನು ದೋಣಿಯ ಮೂತಿಯಿಂದಲೇ ಸೀಳಿಕೊಂಡು ಹೋಗುತ್ತಿದ್ದ. ಈ ಸಲ ಕೈ ತಾನಾಗಿ ಮೋಟಾರಿನ ಹಿಡಿಯನ್ನು ತಿರುಗಿಸಿ ದೋಣಿಯನ್ನು ಕಟ್ಟೆಯತ್ತ ಹೊರಳಿಸಿತು.

“ನಾಳೆ ನೋಡೋಣ,” ಎಂದ.

ಯೂನಿಸ್ ಹುಟ್ಟು ಒಳಗೆಳೆದುಕೊಂಡರು.

ಕಟ್ಟೆ ಹತ್ತಿರವಾಗುತ್ತಿದ್ದಂತೆ ಮಿಲ್ಟ್ ಬಿಟ್ಟಿತೇ ಎಂದು ಕೂಗಿ ಕೇಳಿದ. ಮಿಲ್ಟ್ ನಮ್ಮ ಏಕೈಕ ಅಂಗಡಿಯ ಮಾಲೀಕ, ಬೆಂಕಿ ದಳದ ನಾಯಕನೂ ಅವನೇ; ಊರು ಸಣ್ಣದಾದ್ದರಿಂದ ಒಬ್ಬೊಬ್ಬರು ಎರಡೆರಡು ಟೋಪಿ ಹಾಕುತ್ತೇವೆ. ದಾರಿಯುದ್ದಕ್ಕೂ ಬಾಯಲ್ಲಿ ಹೊರಳಾಡಿಸಿದ ಸುಳ್ಳನ್ನು ಎಲ್ಡನ್ ಇನ್ನೇನು ಹೊರಹಾಕಬೇಕು, ಅಷ್ಟರಲ್ಲಿ ಯೂನಿಸ್ ಹೇಳಿದರು: “ಗಡ್ಡೆ. ಹಲಗೆ ಇದ್ದ ಹಾಗಿತ್ತು.”

ಅಷ್ಟೇ. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಇಕ್ಕಟ್ಟಿನಲ್ಲಿ ಬಾತುಕೋಳಿಗಳು ಮೆರವಣಿಗೆ ಹೊರಟಿದ್ದವು. ಇಪ್ಪತ್ತನೇ ತಾರೀಕು ಎಂದು ಎಲ್ಡನ್ ಸಾರಿದ, ಅಂಗಡಿಯ ಗೋಡೆಯ ಹಲಗೆಯ ಮೇಲೆ ಮಿಲ್ಟ್ ಬಣ್ಣದಲ್ಲಿ ಬರೆದ. ಬಹುಮಾನ ಪಾದ್ರಿಗೆ ಬಂತು. ಅವರು ಅದನ್ನು ಚರ್ಚಿನ ಒಲೆಗೆ ಎಣ್ಣೆಯಾಗಿ ಸುರಿದರು. ಭಾನುವಾರ ನಾವೆಲ್ಲ ಮೊದಲ ಬಾರಿ ಕೋಟು ಬಿಚ್ಚಿ ಪ್ರಾರ್ಥನೆ ಮಾಡಿದೆವು. ಹತ್ತೊಂಬತ್ತರ ಟಿಕೆಟ್ ವೆಂಡೆಲ್‌ದು. ಮರ ಕೊಯ್ಯುವ ಮಿಲ್ಲಿನಲ್ಲಿದ್ದ ವಿಧುರ. ಹತ್ತೊಂಬತ್ತು ಅವನ ಹೆಂಡತಿಯ ಹುಟ್ಟಿದ ದಿನ. ಅವಳಿದ್ದಾಗಲೂ ಹೋದ ಮೇಲೂ ಪ್ರತಿ ವರ್ಷ ಅದೊಂದೇ ದಿನ ಕೊಳ್ಳುತ್ತಿದ್ದ, ಒಮ್ಮೆಯೂ ಗೆದ್ದಿರಲಿಲ್ಲ. “ಅವಳು ಎಲ್ಲದಕ್ಕೂ ಒಂದಿನ ಮುಂಚೇನೇ ಹೋಗಿ ಕಾಯೋಳು,” ಎಂದು ನಕ್ಕು ತನ್ನ ಕಾಫಿಗೆ ಸಕ್ಕರೆ ಹಾಕಿಕೊಂಡ.

ಎಲ್ಡನ್ನನ ಖಾತೆಗೆ ಗೆಲುವು ಬಂದು ಬಿತ್ತು. ಗುಮಾಸ್ತ ಅಭಿನಂದನೆ ಹೇಳಿದ.

ಆಮೇಲೆ ಅವನಿಗೆ ಊಟ ಸೇರದಾಯಿತು. ಕೊಲೀನ್ ಕೇಳಿದಳು, ಅವನು ಹೇಳಿದ, ಎಲ್ಲವನ್ನೂ. ಅವಳು ಬೈಯುತ್ತಾಳೆಂದು ಕಾದ. ಬೈಯಲಿಲ್ಲ. ತಟ್ಟೆ ತೊಳೆಯುತ್ತ, ಹುಟ್ಟು ಒಳಗೆ ಹೋಯಿತೇ ಇಲ್ಲವೇ ಎಂದಷ್ಟೇ ಕೇಳಿದಳು. ನೋಡಲಿಲ್ಲ ಎಂದ. ನೋಡಿದವರು ಗಡ್ಡೆ ಎಂದಿದ್ದಾರಲ್ಲ, ಹಾಗಾದರೆ ಗಡ್ಡೆಯೇ ಇರಬೇಕಲ್ಲ ಎಂದೂ ಸೇರಿಸಿದ. ಆ ಮಾತಿನ ಆಸರೆಯಲ್ಲೇ ಅವನು ಒಂದೆರಡು ವಾರ ನಡೆದಾಡಿದ್ದು. ತಾನು ಹಿಡಿ ತಿರುಗಿಸಿದ್ದು ಕೆಟ್ಟ ಕಾರಣಕ್ಕೇ ಇರಲಿ, ಎದುರಿಗಿದ್ದದ್ದು ನಿಜವಾಗಿ ಗಡ್ಡೆಯಾಗಿದ್ದರೆ ಆಯಿತಲ್ಲ. ಯೂನಿಸ್ ಹ್ಯಾಸ್ಕೆಲ್ ಸುಳ್ಳು ಹೇಳುತ್ತಾರೆಯೇ?

ಮೇ ಮೊದಲ ಶನಿವಾರ ಊರ ಸಭಾಂಗಣದಲ್ಲಿ ಬೇಯಿಸಿದ ಬೀನ್ಸಿನ ಊಟವಿತ್ತು. ಎಲ್ಡನ್ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ. ಪೈ ಬಡಿಸುತ್ತಿದ್ದ ಯೂನಿಸ್ ಸುಮ್ಮನೆ ಸುದ್ದಿ ಹೇಳುವ ಹಾಗೆ ಹೇಳಿದರು: ತಮಗೆ ಟೆಕ್ಸಾಸಿನಿಂದ ಒಬ್ಬ ಫೋನು ಮಾಡಿದ್ದನಂತೆ. ಕೆರೆಯ ಮೇಲೆ ಏನೋ ಪಣ ಕಟ್ಟಿ ಸೋತವನಂತೆ, ಬಹಳ ಮರ್ಯಾದಸ್ತ. ದೋಣಿಯಲ್ಲಿದ್ದವರು ನೀವೇ ಅಂತೆ, ಅದು ನಿಜವಾಗಿ ಗಡ್ಡೆಯೇ, ಆ ಪೆಲ್ಕಿ ನೆಟ್ಟಗಿನ ಮನುಷ್ಯನೇ ಎಂದು ಕೇಳಿದನಂತೆ.

“ನಮ್ಮಮ್ಮನ ಬೈಬಲ್ ಮೇಲೆ ಕೈಯಿಟ್ಟು ಹೇಳ್ತೀನಿ ಅಂದೆ. ಬೀಟ್‌ರೂಟ್ ಉಪ್ಪಿನಕಾಯಿ ಹಾಕಿಸ್ಕೊಂಡ್ಯಾ?”

ಎಲ್ಡನ್ ಪೈ ಮುಟ್ಟದೆ ತಟ್ಟೆಯನ್ನು ಮೂಲೆಯ ಮೇಜಿನ ಮೇಲಿಟ್ಟು ಹೊರಗೆ ಹೋದ.

ಮರುದಿನ ಚರ್ಚು ಬಿಟ್ಟ ಮೇಲೆ ಅವರ ಮನೆಯ ಜಗಲಿಗೆ ಹೋದ. ಯೂನಿಸ್ ಒಗೆದ ಬಟ್ಟೆ ಮಡಿಸುತ್ತಿದ್ದರು. ಅವನು ನಿಂತೇ ಹೇಳಿದ; ಬಾಟ್ ಎಂದರೇನು ಎಂಬಲ್ಲಿಂದ ಹೇಳಬೇಕಾಯಿತು, ಅದು ಅವಮಾನವನ್ನು ಇನ್ನಷ್ಟು ಉದ್ದ ಮಾಡಿತು. ಅರ್ಧ ದಾರಿಯಲ್ಲಿ ಅವರು ತಡೆದು, ಒಟ್ಟಿನಲ್ಲಿ ನಿನ್ನ ಕೈಯಾಳು ನಿನ್ನ ಹೆಸರಲ್ಲಿ ಪಣ ಕಟ್ಟಿದ, ನಿನಗೆ ಗೊತ್ತಾದ ಮೇಲೂ ಸುಮ್ಮನಿದ್ದೆ, ಅಷ್ಟೇ ತಾನೇ ಎಂದು ಕೇಳಿದರು. ಅಷ್ಟೇ ಎಂದ. ಅಷ್ಟು ಚಿಕ್ಕದಾಗಿ ಹೇಳಬಹುದೆಂದು ಅವನಿಗೆ ಹೊಳೆದಿರಲಿಲ್ಲ.

“ಆದ್ರೆ ಗಡ್ಡೆ ಇತ್ತಲ್ಲ,” ಎಂದ. “ನೀವೇ ಹೇಳಿದ್ರಿ.”

ಯೂನಿಸ್ ದಿಂಬಿನ ಚೀಲವೊಂದನ್ನು ನಾಲ್ಕು ಮಡಿಕೆ ಮಾಡಿದರು.

“ಹುಟ್ಟು ಬೆಣ್ಣೆಗೆ ಚಾಕು ಹಾಕ್ದಂಗೆ ಹೋಯ್ತು, ಎಲ್ಡನ್.”

ಅವರು ಮಡಿಸಿದ್ದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡರು.

“ನೀನು ಹೆದರಿದೀಯ ಅಂದ್ಕೊಂಡೆ. ಭುಜ ಕುಯ್ಸ್ಕೊಂಡಿದೀಯ, ತಣ್ಣೀರಿಗೆ ಬಿದ್ರೆ ಈಜೋಕಾಗಲ್ಲ. ಹೆದರಿದೆ ಅಂತ ಮಿಲ್ಟ್ ಮುಂದೆ, ಅಷ್ಟು ಜನದ ಮುಂದೆ ಹೇಳ್ಕೊಳೋ ಗಂಡಸು ನೀನಲ್ಲ. ಅದಕ್ಕೆ ನಾನೇ ಹೇಳ್ದೆ. ಊರ ಪುಸ್ತಕದಲ್ಲಿ ನಾನು ಸುಳ್ಳು ಬರೆದಿರಲಿಲ್ಲ. ಮುದುಕಿ ಆದ್ಮೇಲೆ ಒಂದು ಹೇಳಿದ್ರೆ ಏನಾಗತ್ತೆ ಅನ್ನಿಸ್ತು. ಒಳ್ಳೇದಕ್ಕೆ ಅಂತ ಬೇರೆ ಅಂದ್ಕೊಂಡೆ.”

“ನನಗೋಸ್ಕರ ಹೇಳಿದ್ರಿ ಅಂತ ನನಗೆ ಗೊತ್ತಿರಲಿಲ್ಲ.”

“ಗೊತ್ತಿರಲಿಲ್ಲ. ನೀನು ನಿಜವಾಗಿ ಹೆದರಿದ್ದಿದ್ರೆ ಚೆನ್ನಾಗಿತ್ತು.”

ಆ ದಿನ ಎಲ್ಡನ್ನನ ಹೊಟ್ಟೆಯೊಳಗಿದ್ದದ್ದು ಮೋಟಾರಿನ ಬೆಲೆ. ಅವರು ಅಲ್ಲಿ ಭಯವಿದೆ ಎಂದು ತಿಳಿದು ಅದರ ಮೇಲೆ ಬಾಳಿಡೀ ಉಳಿಸಿಕೊಂಡ ತಮ್ಮ ಮಾತನ್ನು ಹೊದಿಸಿದ್ದರು. ಇನ್ನು ಅವನು ನಿಜ ಹೇಳಿದರೆ ಅವರು ಸುಳ್ಳುಗಾತಿ. ಹೇಳದಿದ್ದರೆ ಅವರ ಅಮ್ಮನ ಬೈಬಲ್ ಟೆಕ್ಸಾಸಿನವರೆಗೆ ಹೊಲಸಾದದ್ದು ಹಾಗೇ ಉಳಿಯಿತು.

ಯೂನಿಸ್ ಒಳಗೆ ಹೋಗಿ ಫೋನು ತಂದರು. ಅವನನ್ನು ಎದುರಿಗೆ ಕೂರಿಸಿಕೊಂಡೇ ಟೆಕ್ಸಾಸಿಗೆ ಕರೆ ಮಾಡಿದರು. ನಾನು ನಿಮಗೆ ಹೇಳಿದ್ದು ಸುಳ್ಳು, ಅದು ನೀರು, ಆ ಮನುಷ್ಯ ಇಲ್ಲೇ ಕೂತಿದ್ದಾನೆ, ಮಾತಾಡುತ್ತೀರಾ ಎಂದರು. ಆ ಕಡೆಯವನು ಮಾತಾಡಲು ಇಷ್ಟಪಡಲಿಲ್ಲವಂತೆ. ಲೆಕ್ಕ ಮುಗಿದುಹೋಗಿದೆ ಅಮ್ಮ, ತೊಂದರೆ ತಗೊಂಡಿದ್ದಕ್ಕೆ ಥ್ಯಾಂಕ್ಸ್ ಎಂದ. ಇಡುವ ಮೊದಲು ಒಂದು ವಿಷಯ ಕೇಳಿದ: ಹಾಗಾದರೆ ಮುಂದಿನ ವರ್ಷ ದಿನ ಹೇಳುವವರು ಯಾರು?

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಡೋನಟ್ ಬಿಸಿಯಿರುವ ಹೊತ್ತಿಗೆ ಎಲ್ಡನ್ ಬಂದು, ಕುಳಿತುಕೊಳ್ಳದೆ, ಹೇಳಬೇಕಾದ್ದನ್ನು ಹೇಳಿದ. ಕೆರೆ ಬಿಟ್ಟದ್ದು ಹತ್ತೊಂಬತ್ತಕ್ಕೆ. ಊಹೆಪೇಟೆಯಲ್ಲಿ ನನ್ನ ದುಡ್ಡಿತ್ತು. ಹುಟ್ಟು ಒಳಗೆ ಹೋಯಿತು ಎಂದು ಯೂನಿಸ್ ದೋಣಿಯಲ್ಲೇ ಹೇಳಿದ್ದರು, ನಾನೇ ಅವರನ್ನು ಬೇಡಿಕೊಂಡು ಬಾಯಿ ಮುಚ್ಚಿಸಿದೆ. ಈ ಕೊನೆಯದು ರಾತ್ರಿಯೆಲ್ಲ ಯೋಚಿಸಿ ಕಟ್ಟಿಕೊಂಡು ಬಂದ ಸುಳ್ಳು; ಅವರನ್ನು ಉಳಿಸಲು ಅವನಿಗೆ ತೋಚಿದ್ದು ಅಷ್ಟೇ.

ಬ್ರೆಡ್ ಸಾಲಿನ ಹಿಂದಿನಿಂದ ಯೂನಿಸ್ ಹೇಳಿದರು: “ಹಾಗೇನೂ ಆಗಲಿಲ್ಲ. ಅವನೊಂದು ಮಾತೂ ಆಡಲಿಲ್ಲ. ಗಡ್ಡೆ ಅಂತ ನನ್ನ ಬಾಯಿಂದ ನಾನೇ ಹೇಳಿದ್ದು.”

“ನಾನು ಹೇಳಿಸಿದ್ದು.”

“ನನ್ನ ಕೈಲಿ ಏನಾದ್ರೂ ಹೇಳ್ಸೋ ತಾಕತ್ತು ನಿನಗೆ ಎಲ್ಲಿಂದ ಬಂತು?”

ಹೀಗೆ ಊರಿನ ಇಬ್ಬರು ಅತ್ಯಂತ ನಂಬಿಕಸ್ಥರು ಬೆಳಗಿನ ಕಾಫಿಯ ಹೊತ್ತಿನಲ್ಲಿ, ಯಾರು ಹೆಚ್ಚು ಸುಳ್ಳು ಹೇಳಿದ್ದು ಎಂದು ನಮ್ಮ ಮುಂದೆ ಜಗಳವಾಡಿದರು. ನಾವು ಡೋನಟ್ ನೋಡುತ್ತ ಕುಳಿತೆವು. ನಗು ಬರಬೇಕಿತ್ತು. ಬರಲಿಲ್ಲ.

ಕೊನೆಗೆ ಮಿಲ್ಟ್, ಪಾದ್ರಿ ಗೆದ್ದದ್ದು ಒಲೆಯಲ್ಲಿ ಉರಿದುಹೋಗಿದೆ, ಅದನ್ನು ವಾಪಸು ಕೇಳಲಾಗುವುದಿಲ್ಲ ಎಂದ. ವೆಂಡೆಲ್ ತನಗೆ ದುಡ್ಡು ಬೇಡವೆಂದ. “ಹಲಗೆ ಸರಿ ಮಾಡು, ಸಾಕು.” ಮಿಲ್ಟ್ ಬಣ್ಣದ ಡಬ್ಬಿ ತಂದ, ಏಣಿ ತಂದ, ಏಣಿ ಹಿಡಿದುಕೊಳ್ಳಲು ಎಲ್ಡನ್ನನಿಗೆ ಹೇಳಿದ. ಎರಡು ಮತ್ತು ಸೊನ್ನೆಯ ಮೇಲೆ ಬಿಳಿ ಬಣ್ಣ ಬಳಿದು, ಒಣಗುವವರೆಗೆ ಕಾದು, ಒಂದು ಮತ್ತು ಒಂಬತ್ತು ಬರೆಯುವವರೆಗೂ ಅವನು ಏಣಿಯ ಬುಡದಲ್ಲಿ ನಿಂತಿದ್ದ. ಯಾರೂ ಒಂದು ಗಡಸು ಮಾತಾಡಲಿಲ್ಲ. ಮಿಲ್ಟ್ ಅವನ ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಬೈದಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು ಎಂದು ಕೊಲೀನ್ ಹತ್ತಿರ ಹೇಳಿಕೊಂಡನಂತೆ.

ಊಹೆಪೇಟೆಯವರಿಗೂ ಬರೆದ. ಅವರು ಗೆದ್ದದ್ದನ್ನು ಹಿಂದಕ್ಕೆ ತೆಗೆದುಕೊಂಡು ಖಾತೆ ಮುಚ್ಚಿದರು. ಅದನ್ನು ತಿಳಿಸಿದ ಪತ್ರದ ಕೊನೆಗೆ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದ್ದರು. ಉತ್ತರ ಬರೆದದ್ದೂ ಯಾವನೋ ಗುಮಾಸ್ತನೇ ಇರಬೇಕು.

ಮುಂದಿನ ವರ್ಷ ಯಾರು ಎಂಬ ಪ್ರಶ್ನೆಯನ್ನು ಊರಿನಲ್ಲಿ ಯಾರೂ ಎತ್ತಲಿಲ್ಲ. ನಮ್ಮಲ್ಲಿ ಎತ್ತದಿರುವುದೇ ಉತ್ತರ. ಏಪ್ರಿಲ್ ಬಂದಾಗ ಮಿಲ್ಟ್ ಎಲ್ಡನ್ನನ ಮನೆ ಬಾಗಿಲಿಗೆ ಬಂದು ಟೋಪಿ ತಿರುಗಿಸುತ್ತ, ದೋಣಿ ಸಿಗುತ್ತದೆಯೇ ಎಂದು ಕೇಳಿದ. ದೋಣಿ ಮಾತ್ರ. ತಗೊಂಡು ಹೋಗು ಎಂದ ಎಲ್ಡನ್. ಕಟ್ಟೆಗೆ ಹೋಗಿ ತಾನೇ ಪೆಟ್ರೋಲು ತುಂಬಿಸಿದ, ಮೋಟಾರಿನ ಹಗ್ಗ ಎಳೆದು ಚಾಲು ಮಾಡಿಕೊಟ್ಟ, ದೋಣಿಯನ್ನು ಕಾಲಿನಿಂದ ನೂಕಿದ. ಮುಂದೆ ಹುಟ್ಟು ಹಿಡಿದು ಕುಳಿತದ್ದು ವೆಂಡೆಲ್.

ಯೂನಿಸ್ ಬಂದು ಎಲ್ಡನ್ನನ ಪಕ್ಕ ನಿಂತರು. ಅಷ್ಟು ವರ್ಷಗಳಲ್ಲಿ ಆ ದಿನ ಅವರಿಬ್ಬರೂ ದಡದಲ್ಲಿದ್ದದ್ದು ಮೊದಲ ಸಲ. ಚಳಿಯಿದೆ ಎಂದು ಅವರು ಅಂದರು, ಹೌದು ಎಂದು ಇವನು ಅಂದ. ಮೋಟಾರಿನ ಸದ್ದು ಇಕ್ಕಟ್ಟಿನ ಆಚೆ ಹೋಗಿ ಸಣ್ಣಗಾಯಿತು, ತಿರುಗಿ ದೊಡ್ಡದಾಯಿತು. ದೋಣಿ ಕಟ್ಟೆಗೆ ತಾಗುವ ಮೊದಲೇ ಮಿಲ್ಟ್ ಎದ್ದು ನಿಂತು, ಕೆರೆ ಬಿಟ್ಟಿತು ಎಂದ.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಲ್ಡನ್ ಕೂಡ ತಟ್ಟಿದ. ಎಲ್ಲರೂ ನಿಲ್ಲಿಸಿದ ಮೇಲೂ ಅವನು ಸ್ವಲ್ಪ ಹೊತ್ತು ತಟ್ಟುತ್ತಲೇ ಇದ್ದ.